ಅರ್ಧಕ್ಕೆ ನಿಂತ ಹಾಕಿ ಸೀಸನ್ನಿನ ನಷ್ಟ ಲೆಕ್ಕ ಹಾಕುವ ಬಗೆ: ಎನ್‌ಎಚ್‌ಎಲ್ 2019–20

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್, ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 12ರಂದು ಆಟ ನಿಲ್ಲಿಸಿತು. ಆ ಹೊತ್ತಿಗೆ 1271 ಲೀಗ್ ಪಂದ್ಯಗಳಲ್ಲಿ 1082 ಮುಗಿದಿದ್ದವು, 189 ಬಾಕಿ ಇದ್ದವು. ಇದನ್ನು ನೋಡಿದ ಕೂಡಲೇ ಎಲ್ಲರೂ ಮಾಡುವ ಲೆಕ್ಕ ಒಂದೇ: ಶೇ 15ರಷ್ಟು ಪಂದ್ಯ ಹೋಯಿತು, ಹಾಗಾಗಿ ಆದಾಯವೂ ಶೇ 15ರಷ್ಟು ಹೋಯಿತು. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಎಲ್ಲ ಪಂದ್ಯಗಳ ಗಳಿಕೆ ಒಂದೇ ಅಲ್ಲ ಎಂಬುದು ಮೊದಲನೆಯದು. ಹೋದ ಹಣ ಆ ವರ್ಷವೇ ಯಾರ ಜೇಬಿನಿಂದಲೂ ಪೂರ್ತಿ ಹೋಗಲಿಲ್ಲ, ಸಾಲದ ರೂಪದಲ್ಲಿ ಮುಂದಿನ ಸೀಸನ್‌ಗಳ ಮೇಲೆ ಕೂತಿತು ಎಂಬುದು ಎರಡನೆಯದು. ಎಷ್ಟು ಹೋಯಿತು ಎಂಬುದಕ್ಕಿಂತ ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬುದನ್ನು ಹಿಡಿದು ಹೋಗಬೇಕು.

ಒಂದು ಎಕ್ಸೆಲ್ ಶೀಟ್ ಸಾಕು. ಕೆಳಗೆ ಲೀಗಿನ ನಿಜವಾದ ಅಂಕಿ ಎಲ್ಲಿದೆ, ಉದಾಹರಣೆಗೆ ಇಟ್ಟುಕೊಂಡ ಅಂಕಿ ಎಲ್ಲಿದೆ ಎಂದು ಬೇರೆಬೇರೆಯಾಗಿ ಹೇಳಿದೆ. ನಿಮ್ಮ ಶೀಟಿನಲ್ಲೂ ಈ ಎರಡಕ್ಕೆ ಬೇರೆ ಬಣ್ಣ ಹಾಕಿ. ಊಹೆಯ ಅಂಕಿ ಎರಡು ಸಲ ಕಾಪಿ ಆದರೆ ಸಾಕು, ಮೂರನೆಯ ಸಲ ಅದು ಸತ್ಯಾಂಶದಂತೆ ಓಡಾಡತೊಡಗುತ್ತದೆ.

ಮೊದಲು ಗಡಿ ಗೊತ್ತು ಮಾಡಿ

ಲೆಕ್ಕದ ವರ್ಷ ಎಲ್ಲಿಂದ ಎಲ್ಲಿಗೆ ಎಂದು ನಿರ್ಧರಿಸದೆ ಒಂದು ಅಂಕಿಯನ್ನೂ ಬರೆಯಬೇಡಿ. ಸಾಮಾನ್ಯವಾಗಿ ಎನ್‌ಎಚ್‌ಎಲ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆಟಗಾರರ ಒಪ್ಪಂದಗಳೂ ಅಂದೇ ಮುಗಿಯುತ್ತವೆ. 2020ರಲ್ಲಿ ಹಾಗಾಗಲಿಲ್ಲ. ಮೇ 26ರಂದು ಲೀಗ್ ಹಂತ ಮುಗಿದಿದೆ ಎಂದು ಘೋಷಿಸಿ, 24 ತಂಡಗಳ ನಾಕೌಟ್ ಯೋಜನೆ ಮುಂದಿಟ್ಟರು. ಜುಲೈ 10ಕ್ಕೆ ಆಟಗಾರರ ಸಂಘದ ಜೊತೆಗಿನ ಒಪ್ಪಂದ ಅಂಗೀಕಾರವಾಯಿತು. ಆಗಸ್ಟ್ 1ರಿಂದ ಟೊರಾಂಟೊ ಮತ್ತು ಎಡ್ಮಂಟನ್‌ನಲ್ಲಿ ಪ್ರೇಕ್ಷಕರಿಲ್ಲದೆ ಪಂದ್ಯಗಳು ನಡೆದವು. ಸೆಪ್ಟೆಂಬರ್ 28ರಂದು ಟ್ಯಾಂಪಾ ಬೇ ಲೈಟ್ನಿಂಗ್ ತಂಡ ಡಲ್ಲಾಸ್ ಸ್ಟಾರ್ಸ್ ವಿರುದ್ಧ ಲೀಗಿನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಹೊಸ ಒಪ್ಪಂದಗಳ ಮಾರುಕಟ್ಟೆ ತೆರೆದದ್ದು ಅಕ್ಟೋಬರ್ 9ಕ್ಕೆ. ಹಾಗಾಗಿ ಈ ಸೀಸನ್ನಿನ ಲೆಕ್ಕವನ್ನು ಅಕ್ಟೋಬರ್ ಮೊದಲ ವಾರದವರೆಗೆ ಎಳೆಯಿರಿ. ಜೂನ್ 30ಕ್ಕೆ ಕತ್ತರಿಸಿದರೆ ಬೇಸಿಗೆಯ ನಾಕೌಟ್ ಆದಾಯವೆಲ್ಲ ಮುಂದಿನ ವರ್ಷಕ್ಕೆ ಜಾರಿ, 2019–20 ಇದ್ದದ್ದಕ್ಕಿಂತ ಕೆಟ್ಟದಾಗಿಯೂ 2020–21 ಇದ್ದದ್ದಕ್ಕಿಂತ ಚೆನ್ನಾಗಿಯೂ ಕಾಣುತ್ತದೆ.

ತಂಡದ ಮಟ್ಟದ ಲೆಕ್ಕ ಬೇಕಿದ್ದರೆ ಇನ್ನೊಂದು ಎಚ್ಚರ. ಆಟ ನಿಂತಾಗ ಕೆಲವು ತಂಡ 68 ಪಂದ್ಯ ಆಡಿದ್ದವು, ಕೆಲವು 71 ಆಡಿದ್ದವು. ಅದರಲ್ಲೂ ಬಾಕಿ ಉಳಿದ ತವರು ಪಂದ್ಯ ಎಷ್ಟು ಎಂಬುದಷ್ಟೇ ಗಲ್ಲಾಪೆಟ್ಟಿಗೆಗೆ ಮುಖ್ಯ. ಆಯಾ ತಂಡದ ವೇಳಾಪಟ್ಟಿ ತೆಗೆದು, ಮಾರ್ಚ್ 12ರ ನಂತರದ ತವರು ಪಂದ್ಯಗಳನ್ನು ಒಂದೊಂದಾಗಿ ಎಣಿಸಿ. ಸರಾಸರಿ ಹಾಕಬೇಡಿ.

ಆದಾಯವನ್ನು ಮೂರು ಗುಂಪು ಮಾಡಿ

ನಿಂತೇ ಹೋದದ್ದು, ತಡವಾಗಿ ಬಂದದ್ದು, ಹಾಗೇ ಉಳಿದದ್ದು ಎಂಬ ಮೂರು ಕಾಲಂ ಸಾಕು.

ನಿಂತೇ ಹೋದದ್ದರಲ್ಲಿ ದೊಡ್ಡ ಪಾಲು ಟಿಕೆಟ್ಟಿನದು. ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಹಲವು ಸಲ ಬಹಿರಂಗವಾಗಿ ಹೇಳಿದಂತೆ, ಎನ್‌ಎಚ್‌ಎಲ್ ಆದಾಯದ ಸುಮಾರು ಅರ್ಧ ಅರೀನಾಕ್ಕೆ ಜನ ಬರುವುದರಿಂದಲೇ ಬರುತ್ತದೆ: ಟಿಕೆಟ್, ಪಾರ್ಕಿಂಗ್, ಊಟ, ಬಿಯರ್, ಜೆರ್ಸಿ ಮಾರಾಟ. ಐಪಿಎಲ್ ನೋಡಿ ಬೆಳೆದ ನಮಗೆ ಇದು ಚಟ್ಟನೆ ಅರ್ಥವಾಗುವುದಿಲ್ಲ. 2018ರಿಂದ 2022ರವರೆಗಿನ ಐದು ಸೀಸನ್‌ಗಳಿಗೆ ಐಪಿಎಲ್ ಪ್ರಸಾರ ಹಕ್ಕೇ ₹16,347.5 ಕೋಟಿಗೆ ಹೋಗಿತ್ತು. ಹಾಗಾಗಿ 2020ರಲ್ಲಿ ಯುಎಇಯ ಖಾಲಿ ಮೈದಾನಗಳಲ್ಲಿ ಆಡಿದರೂ ಫ್ರಾಂಚೈಸಿಗಳ ಮುಖ್ಯ ಆದಾಯ ನಿಲ್ಲಲಿಲ್ಲ. ಎನ್‌ಎಚ್‌ಎಲ್‌ಗೆ ಅಮೆರಿಕದಲ್ಲಿ ಆಗ ಇದ್ದ ಎನ್‌ಬಿಸಿ ಟಿವಿಯ ಒಪ್ಪಂದ ಹತ್ತು ವರ್ಷಕ್ಕೆ 200 ಕೋಟಿ ಡಾಲರ್, ಅಂದರೆ ವರ್ಷಕ್ಕೆ 20 ಕೋಟಿ. ಕೆನಡಾದಲ್ಲಿ ರೋಜರ್ಸ್ ಕಂಪನಿಯದು 12 ವರ್ಷಕ್ಕೆ ಸುಮಾರು 520 ಕೋಟಿ ಕೆನಡಿಯನ್ ಡಾಲರ್. ಒಟ್ಟು ಆದಾಯ 500 ಕೋಟಿ ಅಮೆರಿಕನ್ ಡಾಲರ್ ಹತ್ತಿರವಿದ್ದ ಲೀಗಿಗೆ ಟಿವಿ ಹಣ ಕಾಲು ಭಾಗವನ್ನೂ ಮುಟ್ಟದಿದ್ದಾಗ, ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಒಂದು ಪಂದ್ಯದ ಗಳಿಕೆ ಹೀಗೆ ಕಟ್ಟಿ (ಅಂಕಿಗಳು ಉದಾಹರಣೆಗೆ ಮಾತ್ರ). 17,000 ಸೀಟು, ಸರಾಸರಿ ಟಿಕೆಟ್ 90 ಡಾಲರ್: 15.3 ಲಕ್ಷ ಡಾಲರ್. ತಲಾ 25 ಡಾಲರ್ ಊಟ, ಪಾರ್ಕಿಂಗ್: 4.25 ಲಕ್ಷ. ಒಟ್ಟು 19.55 ಲಕ್ಷ. ಆರು ತವರು ಪಂದ್ಯ ಹೋದರೆ 1.173 ಕೋಟಿ ಡಾಲರ್. ಇದರಿಂದ ಉಳಿತಾಯ ಕಳೆಯಿರಿ: ಪ್ರವಾಸ, ಪಂದ್ಯದ ದಿನದ ಸಿಬ್ಬಂದಿ ಕೂಲಿ, ಅಡುಗೆ ಸಾಮಗ್ರಿ. ಐಸ್ ಹಾಳೆಯ ಶೈತ್ಯ ಯಂತ್ರದ ಖರ್ಚು ಕಳೆಯುವ ಮುನ್ನ ವಿಚಾರಿಸಿ. ಆಟ ಮುಂದೂಡಿದ್ದಾರೆ, ರದ್ದು ಮಾಡಿಲ್ಲ ಎನ್ನುವಾಗ ಐಸ್ ಕರಗಿಸದೆ ಇಟ್ಟುಕೊಂಡ ಅರೀನಾಕ್ಕೆ ಆ ಖರ್ಚು ಉಳಿಯುವುದಿಲ್ಲ.

ಟಿಕೆಟ್ ವಿಷಯದಲ್ಲಿ ನಗದು ಬೇರೆ, ಆದಾಯ ಬೇರೆ. ಸೀಸನ್ ಟಿಕೆಟ್ ಹಣ ಹಿಂದಿನ ಬೇಸಿಗೆಯಲ್ಲೇ ತಂಡದ ಖಾತೆಗೆ ಬಂದಿರುತ್ತದೆ. ಪಂದ್ಯ ನಡೆಯುವವರೆಗೂ ಅದು ತಂಡದ ಗಳಿಕೆಯಲ್ಲ, ಗ್ರಾಹಕನಿಗೆ ತೀರಿಸಬೇಕಾದ ಹೊಣೆ. ಆಟ ‘ನಿಂತಿದೆ’ ಎಂದಷ್ಟೇ ಇದ್ದಾಗ ಹಣ ತಂಡದ ಬಳಿಯೇ ಇರುತ್ತದೆ. ‘ರದ್ದು’ ಎಂದ ದಿನ ಮರುಪಾವತಿ ಅಥವಾ ಮುಂದಿನ ವರ್ಷಕ್ಕೆ ಜಮಾ ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ವರ್ಷಕ್ಕೆ ಜಮಾ ಪಡೆದ ಗ್ರಾಹಕರ ಮೊತ್ತವನ್ನು 2020–21ರ ನಗದಿನಿಂದ ಮರೆಯದೆ ಕಳೆಯಿರಿ. ಆ ವರ್ಷ ಬರಬೇಕಿದ್ದ ದುಡ್ಡು ಆಗಲೇ ಬಂದು ಖರ್ಚೂ ಆಗಿರುತ್ತದೆ.

ಸ್ಥಳೀಯ ಟಿವಿ ಒಪ್ಪಂದದಲ್ಲಿ ಇಂತಿಷ್ಟು ಪಂದ್ಯ ಕೊಡಬೇಕೆಂಬ ಷರತ್ತು ಇದ್ದರೆ ಚಾನೆಲ್ ಹಣ ಹಿಡಿಯಬಹುದು. ಒಪ್ಪಂದದ ಪಂದ್ಯಸಂಖ್ಯೆ ನೋಡದೆ ಅಂಕಿ ಬರೆಯಬೇಡಿ. ಪ್ರಾಯೋಜಕರ ಹಣ ಹೆಚ್ಚಾಗಿ ತಡವಾಗಿ ಬಂದ ಗುಂಪಿಗೆ ಸೇರುತ್ತದೆ. ಕೊಡದೇ ಹೋದ ಜಾಹೀರಾತಿಗೆ ಬದಲು ಬೇರೆ ಜಾಗ ಕೊಟ್ಟರು: 2020–21ರಲ್ಲಿ ಹೆಲ್ಮೆಟ್ ಮೇಲೆ ಜಾಹೀರಾತು ಬಂತು, ಲೀಗಿನ ವಿಭಾಗಗಳ ಹೆಸರಿಗೂ ಕಂಪನಿಗಳ ಹೆಸರು ಸೇರಿತು. ಹೊಸ ಜಾಗದ ಬೆಲೆಯನ್ನೆಲ್ಲ ಹೊಸ ಆದಾಯ ಎಂದು ಬರೆದರೆ ತಪ್ಪು. ಅದರಲ್ಲಿ ಒಂದಿಷ್ಟು ಹಳೆಯ ಬಾಕಿ ತೀರಿಸಿದ್ದು.

ನಾಕೌಟ್ ಹಂತಕ್ಕೆ ಬೇರೆ ಸಾಲು

ಲೀಗ್ ಪಂದ್ಯ ಮತ್ತು ನಾಕೌಟ್ ಪಂದ್ಯವನ್ನು ಒಂದೇ ಬೆಲೆಗೆ ಹಾಕುವುದು ದೊಡ್ಡ ತಪ್ಪು. ಎನ್‌ಎಚ್‌ಎಲ್ ಆಟಗಾರನ ಒಪ್ಪಂದದ ಸಂಬಳ ಲೀಗ್ ಹಂತದ ದಿನಗಳಿಗಷ್ಟೇ ಹಂಚಿಕೆಯಾಗುತ್ತದೆ. ನಾಕೌಟ್‌ಗೆ ಸಂಬಳವಿಲ್ಲ, ಎಲ್ಲರಿಗೂ ಸೇರಿ ಒಂದು ಬಹುಮಾನ ನಿಧಿ ಇರುತ್ತದೆ. 2020ರಲ್ಲಿ ಅದು 3.2 ಕೋಟಿ ಡಾಲರ್. ಅಂದರೆ ಮಾಮೂಲಿ ವರ್ಷದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ತವರಿನಲ್ಲಿ ಆಡುವ ಪ್ರತಿ ಪಂದ್ಯದ ದುಬಾರಿ ಟಿಕೆಟ್ ಹಣದ ಎದುರು ಸಂಬಳದ ಖರ್ಚೇ ಇಲ್ಲ. ಮಾಲೀಕರಿಗೆ ನಿಜವಾದ ಏಟು ಬಿದ್ದದ್ದು ಇಲ್ಲಿ. ಕಪ್ ಗೆದ್ದ ಟ್ಯಾಂಪಾ ತಂಡಕ್ಕೆ ಆ ವರ್ಷ ನಾಕೌಟ್‌ನಲ್ಲಿ ತನ್ನ ಅರೀನಾದಲ್ಲಿ ಒಂದು ಟಿಕೆಟ್ಟೂ ಮಾರಲು ಸಿಗಲಿಲ್ಲ.

ಹಾಗಿದ್ದೂ ಯಾಕೆ ಆಡಿಸಿದರು? ರಾಷ್ಟ್ರೀಯ ಪ್ರಸಾರ ಒಪ್ಪಂದಗಳ ತೂಕವೆಲ್ಲ ನಾಕೌಟ್ ಹಂತದ ಮೇಲಿತ್ತು. ಆಡದಿದ್ದರೆ ಆ ಹಣವೂ ಕೈಬಿಡುತ್ತಿತ್ತು. ಎರಡು ನಗರಗಳ ಬಯೋಬಬಲ್‌ಗೆ (ಹೊರಗಿನವರ ಸಂಪರ್ಕವಿಲ್ಲದೆ ತಂಡಗಳನ್ನು ಇಡುವ ವ್ಯವಸ್ಥೆ) ಆದ ಖರ್ಚು 7.5ರಿಂದ 9 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಹೋಟೆಲ್, ಊಟ, ಪ್ರತಿ ದಿನದ ಕೋವಿಡ್ ಪರೀಕ್ಷೆ ಎಲ್ಲ ಸೇರಿ. 33,174 ಪರೀಕ್ಷೆ ಮಾಡಿ ಒಂದೂ ಪಾಸಿಟಿವ್ ಬರಲಿಲ್ಲ ಎಂಬುದು ಆ ಖರ್ಚಿನ ಶಿಸ್ತನ್ನು ತೋರಿಸುತ್ತದೆ. ನಿಮ್ಮ ಶೀಟಿನಲ್ಲಿ ಬಬಲ್‌ಗೆ ಮೂರು ಸಾಲು ಇರಲಿ: ಉಳಿಸಿಕೊಂಡ ಪ್ರಸಾರ ಹಣ, ಉಳಿಸಿಕೊಂಡ ಪ್ರಾಯೋಜಕ ಹಣ, ಖರ್ಚು.

ಅರ್ಧರ್ಧ ಪಾಲು ಮತ್ತು ಎಸ್ಕ್ರೋ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಹಾದಿ ತಪ್ಪುತ್ತದೆ.

2013ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ, ಹಾಕಿಗೆ ಸಂಬಂಧಿಸಿದ ಒಟ್ಟು ಆದಾಯದಲ್ಲಿ ಮಾಲೀಕರಿಗೆ ಅರ್ಧ, ಆಟಗಾರರಿಗೆ ಅರ್ಧ. ಆಟಗಾರನ ಒಪ್ಪಂದದಲ್ಲಿ 50 ಲಕ್ಷ ಎಂದು ಬರೆದಿದ್ದರೂ ಅಷ್ಟು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಎಲ್ಲರ ಸಂಬಳ ಸೇರಿ ಅರ್ಧ ಮೀರಿದರೆ, ಮೀರಿದ್ದು ಮಾಲೀಕರಿಗೆ ವಾಪಸು. ಅದಕ್ಕಾಗಿ ಪ್ರತಿ ಚೆಕ್ಕಿನಿಂದಲೂ ಒಂದು ಶೇಕಡಾವಾರು ಹಿಡಿದು ಪ್ರತ್ಯೇಕ ಖಾತೆಯಲ್ಲಿ ಇಡುತ್ತಾರೆ. ಅದೇ ಎಸ್ಕ್ರೋ. 2019–20ರಲ್ಲಿ ಅದು ಶೇ 14 ಇತ್ತು.

ಚೆನ್ನಾಗಿ ನಡೆದ ವರ್ಷದಲ್ಲೂ ಎಸ್ಕ್ರೋ ಯಾಕೆ ಬೇಕು? ಸ್ಯಾಲರಿ ಕ್ಯಾಪ್ (ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) ಕಟ್ಟುವ ರೀತಿಯೇ ಹಾಗಿದೆ. ಆಟಗಾರರ ಪಾಲನ್ನು ತಂಡಗಳಿಗೆ ಸಮನಾಗಿ ಹಂಚಿದರೆ ಬರುವ ಮಧ್ಯಬಿಂದುವಿನ ಮೇಲೆ ಶೇ 15 ಗರಿಷ್ಠ ಮಿತಿ, ಕೆಳಗೆ ಶೇ 15 ಕನಿಷ್ಠ ಮಿತಿ. 2019–20ರಲ್ಲಿ ಗರಿಷ್ಠ 8.15 ಕೋಟಿ ಡಾಲರ್, ಕನಿಷ್ಠ 6.02 ಕೋಟಿ. ಮಧ್ಯಬಿಂದು 7.087 ಕೋಟಿ. 31 ತಂಡಕ್ಕೆ ಗುಣಿಸಿದರೆ ಸುಮಾರು 220 ಕೋಟಿ. ಆದರೆ ಗೆಲ್ಲಬೇಕೆಂಬ ತಂಡಗಳು ಗರಿಷ್ಠ ಮಿತಿಗೇ ಅಂಟಿಕೊಂಡು ಖರ್ಚು ಮಾಡುತ್ತವೆ. ಸರಾಸರಿ 8 ಕೋಟಿ ಎಂದಿಟ್ಟುಕೊಂಡರೆ ಒಟ್ಟು 248 ಕೋಟಿ. ವ್ಯತ್ಯಾಸ 28 ಕೋಟಿ, ಅಂದರೆ ಸಂಬಳದ ಶೇ 11ಕ್ಕೂ ಹೆಚ್ಚು. ಕೋವಿಡ್ ಬರುವ ಮೊದಲೇ ಎಸ್ಕ್ರೋ ಆಟಗಾರರ ಕಣ್ಣು ಕೆಂಪಾಗಿಸಿದ್ದು ಈ ಕಾರಣಕ್ಕೆ.

ಈಗ ನಿಂತ ಸೀಸನ್ ತನ್ನಿ. ಉದಾಹರಣೆಗೆ ಒಟ್ಟು ಆದಾಯ 430 ಕೋಟಿಗೆ ಇಳಿಯಿತು ಎನ್ನಿ. ಆಟಗಾರರ ಪಾಲು 215. ಒಪ್ಪಂದದ ಸಂಬಳ 248. ಹೆಚ್ಚುವರಿ 33. ಶೇ 14ರ ಎಸ್ಕ್ರೋದಲ್ಲಿ ಇರುವುದು 34.7. ಹೇಗೋ ಸರಿಹೋಗುತ್ತದೆ. ಜೊತೆಗೆ ಏಪ್ರಿಲ್ ಮಧ್ಯದಲ್ಲಿ ಬರಬೇಕಿದ್ದ ಕೊನೆಯ ಚೆಕ್ಕನ್ನು ಆಟಗಾರರು ಮೊದಲು ಮುಂದೂಡಿದರು, ಕೊನೆಗೆ ಬಿಟ್ಟೇ ಕೊಟ್ಟರು. ಆಟ ನಿಂತ ಸೀಸನ್ನಿಗಿಂತ ಅದರ ಮುಂದಿನ ಸೀಸನ್ ಹೆಚ್ಚು ದುಬಾರಿಯಾಯಿತು ಎಂಬುದು ಇಲ್ಲಿಂದ ಗೊತ್ತಾಗುತ್ತದೆ. ಹಲವು ವಿಶ್ಲೇಷಣೆಗಳು 189 ಪಂದ್ಯಗಳಲ್ಲೇ ಸಿಕ್ಕಿಹಾಕಿಕೊಂಡು ಈ ಮಾತನ್ನು ಬಿಟ್ಟುಬಿಡುತ್ತವೆ.

2020–21 ಶುರುವಾದದ್ದು 2021ರ ಜನವರಿ 13ಕ್ಕೆ. ತಲಾ 56 ಪಂದ್ಯ, ಒಟ್ಟು 868. ಗಡಿ ಮುಚ್ಚಿದ್ದರಿಂದ ಕೆನಡಾದ ಏಳು ತಂಡ ತಮ್ಮತಮ್ಮಲ್ಲೇ ಆಡಿದವು. ಬಹಳಷ್ಟು ಅರೀನಾ ಖಾಲಿ, ಉಳಿದವು ಅರೆಬರೆ. ಜುಲೈ ಒಪ್ಪಂದದ ಪ್ರಕಾರ ಆ ವರ್ಷದ ಸಂಬಳದಲ್ಲಿ ಶೇ 10 ಮುಂದೂಡಿಕೆ, ಉಳಿದದ್ದರಲ್ಲಿ ಶೇ 20 ಎಸ್ಕ್ರೋ. ಪಂದ್ಯ ಕಡಿಮೆಯಾಯಿತೆಂದು ಸಂಬಳವನ್ನು 56/82ಕ್ಕೆ ಇಳಿಸಲಿಲ್ಲ. ಇದನ್ನು ಗಮನಿಸದೆ ಸಂಬಳವನ್ನು ಪಂದ್ಯದ ಲೆಕ್ಕಕ್ಕೆ ಇಳಿಸಿದ ಶೀಟಿನಲ್ಲಿ ಸಾಲವೇ ಕಾಣಿಸುವುದಿಲ್ಲ.

248 ಕೋಟಿಯ ಶೇ 90ರಲ್ಲಿ ಶೇ 80: ಕೈಗೆ ಹೋದದ್ದು ಶೇ 72, ಅಂದರೆ 178.6 ಕೋಟಿ. ಮುಂದೂಡಿದ 24.8 ಕೋಟಿಯೂ ಅವರಿಗೆ ಬರಬೇಕಾದ್ದೇ. ಒಟ್ಟು 203.4. ಆದಾಯ 220 ಕೋಟಿಗೆ ಬಿದ್ದಿತೆಂದು ಇಟ್ಟುಕೊಂಡರೆ ಆಟಗಾರರ ಪಾಲು 110. ಮಾಲೀಕರಿಗೆ ವಾಪಸು ಬರಬೇಕಾದದ್ದು 93 ಕೋಟಿ ಡಾಲರ್. ಆಟಗಾರರು ಮುಂದಿನ ಎಸ್ಕ್ರೋಗಳಿಂದ ತೀರಿಸಬೇಕಾದ ಸಾಲ ಇದೇ. 220 ಎಂಬುದು ಉದಾಹರಣೆಯ ಅಂಕಿ. ಅದನ್ನು 10 ಕೋಟಿ ಹೆಚ್ಚಿಸಿದರೆ ಸಾಲ 5 ಕೋಟಿ ಇಳಿಯುತ್ತದೆ. ಶೀಟಿನಲ್ಲಿ ಈ ಒಂದು ಚೌಕವನ್ನು ಮೇಲೆ ಕೆಳಗೆ ಮಾಡಿ ನೋಡಿ.

ಒಬ್ಬ ಆಟಗಾರನ ಚೆಕ್

50 ಲಕ್ಷ ಡಾಲರ್ ಸಂಬಳದವನದು ಹೀಗೆ. ಮುಂದೂಡಿಕೆ 5 ಲಕ್ಷ, ಉಳಿದದ್ದು 45. ಎಸ್ಕ್ರೋ 9 ಲಕ್ಷ, ಉಳಿದದ್ದು 36. ಇದರ ಮೇಲೆ ತೆರಿಗೆ, ಏಜೆಂಟ್ ಫೀ. ಮುಂದೂಡಿದ 5 ಲಕ್ಷ 2022–23ರಿಂದ ಮೂರು ಸಮ ಕಂತುಗಳಲ್ಲಿ ವಾಪಸು ಬರುವಂಥದ್ದು. ಬಡ್ಡಿ ಸೇರಿಸದೆ, ವರ್ಷಕ್ಕೆ ಶೇ 5ರ ದರದಲ್ಲಿ 2021ರ ಏಪ್ರಿಲ್‌ಗೆ ಇಳಿಸಿ ನೋಡಿದರೆ (ಒಂದೂವರೆ, ಎರಡೂವರೆ, ಮೂರೂವರೆ ವರ್ಷ) ಇದರ ಬೆಲೆ ಸುಮಾರು 4.43 ಲಕ್ಷ. 57 ಸಾವಿರ ಸದ್ದಿಲ್ಲದೆ ಸವೆದಿದೆ. ಇನ್ನೊಂದು ವಿಷಯ: ನಾಲ್ಕೈದು ವರ್ಷ ಮಾತ್ರ ಆಡಿ ನಿವೃತ್ತನಾಗುವವನಿಗೂ ಹದಿನೈದು ವರ್ಷ ಆಡುವವನಿಗೂ ಈ ಸಾಲದ ಭಾರ ಒಂದೇ ಅಲ್ಲ. 2021ರಲ್ಲಿ ಆಟ ಬಿಟ್ಟವನು ಮುಂದಿನ ಎಸ್ಕ್ರೋಗಳನ್ನು ಕಟ್ಟಲಿಲ್ಲ. 2022ರಲ್ಲಿ ಬಂದ ಹೊಸ ಹುಡುಗ ತಾನು ಪಡೆಯದ ಹಣದ ಸಾಲ ತೀರಿಸಿದ. ಸರಾಸರಿ ಹಾಕಿದರೆ ಈ ಅನ್ಯಾಯ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ವಯಸ್ಸಿನ ಪ್ರಕಾರ ಕನಿಷ್ಠ ಮೂರು ಗುಂಪು ಮಾಡಿ.

ಕ್ಯಾಪ್ ಏರದೆ ನಿಂತದ್ದು

2020ರ ಮಾರ್ಚ್ ಮೊದಲ ವಾರ ಜನರಲ್ ಮ್ಯಾನೇಜರ್‌ಗಳ ಸಭೆಯಲ್ಲಿ ಮುಂದಿನ ವರ್ಷದ ಕ್ಯಾಪ್ 8.4ರಿಂದ 8.82 ಕೋಟಿ ಡಾಲರ್ ಆಗಬಹುದೆಂದು ಲೀಗ್ ಹೇಳಿತ್ತು. ಆದದ್ದು 8.15, ಅದರ ಮುಂದಿನ ವರ್ಷವೂ 8.15. ನಂತರ 2022–23ಕ್ಕೆ 8.25, 2023–24ಕ್ಕೆ 8.35. ಸಾಲ ಬಾಕಿ ಇದ್ದಷ್ಟು ದಿನ ವರ್ಷಕ್ಕೆ ಬರೀ 10 ಲಕ್ಷ ಏರಿಕೆ. ಸಾಲ ಕಳೆದ ಮೇಲೆ 2024–25ಕ್ಕೆ 8.8, 2025–26ಕ್ಕೆ 9.55. ಎಸ್ಕ್ರೋ ಗರಿಷ್ಠ ಮಿತಿಯೂ ಇದೇ ದಾರಿಯಲ್ಲಿ ಇಳಿಯಿತು: ಶೇ 20, ನಂತರ 14ರಿಂದ 18ರ ನಡುವೆ, ನಂತರ 10, ಕೊನೆಗೆ 6. ಸಾಲ ಎಷ್ಟು ಕಾಲ ಇತ್ತು ಎಂದು ತಿಳಿಯಲು ಈ ಎರಡು ಸಾಲು ಅಕ್ಕಪಕ್ಕ ಇಟ್ಟರೆ ಸಾಕು.

ಇಲ್ಲಿ ಜಾಗ್ರತೆ. ಕ್ಯಾಪ್ 25ರಿಂದ 67 ಲಕ್ಷ ಡಾಲರ್ ಏರದೇ ಹೋಯಿತು, 31 ತಂಡಕ್ಕೆ ಗುಣಿಸಿದರೆ ಸುಮಾರು 7.8ರಿಂದ 20.8 ಕೋಟಿ, ಇದೂ ಆಟಗಾರರ ನಷ್ಟ ಎಂದು ಮೇಲಿನ ಮೊತ್ತಕ್ಕೆ ಕೂಡಿಸುವವರಿದ್ದಾರೆ. ಕೂಡಿಸಬೇಡಿ. ಆಟಗಾರರ ಒಟ್ಟು ಪಾಲು ಆದಾಯದ ಅರ್ಧ ಎಂದು ಮೊದಲೇ ಗೊತ್ತಾಗಿದೆ. ಕ್ಯಾಪ್ ಏರಿದ್ದರೆ ಎಸ್ಕ್ರೋ ಅಷ್ಟೇ ಏರುತ್ತಿತ್ತು. ಒಂದೇ ಡಾಲರ್ ಎರಡು ಸಲ ಎಣಿಕೆಯಾಗುತ್ತದೆ. ಕ್ಯಾಪ್ ಬದಲಿಸುವುದು ಆ ಅರ್ಧದಲ್ಲಿ ಯಾರಿಗೆ ಎಷ್ಟು ಎಂಬುದನ್ನು. ಹಳೆಯ ಉದ್ದ ಒಪ್ಪಂದ ಇದ್ದವನ ಒಪ್ಪಂದದ ಮೊತ್ತ ಬದಲಾಗಲಿಲ್ಲ. 2020ರಲ್ಲಿ ಒಪ್ಪಂದ ಮುಗಿದು ಮಾರುಕಟ್ಟೆಗೆ ಬಂದವನು ಪೂರ್ತಿ ಹೊಡೆತ ತಿಂದ. 2018ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾಗಿದ್ದ ಟೇಲರ್ ಹಾಲ್, ಬಫಲೊ ತಂಡದ ಜೊತೆ ಒಂದೇ ವರ್ಷಕ್ಕೆ 80 ಲಕ್ಷಕ್ಕೆ ಸಹಿ ಹಾಕಿದ. ವೆಗಾಸ್ ತಂಡ ಅಲೆಕ್ಸ್ ಪಿಯೆಟ್ರಾಂಜೆಲೊನನ್ನು ವರ್ಷಕ್ಕೆ 88 ಲಕ್ಷದಂತೆ ಏಳು ವರ್ಷಕ್ಕೆ ತರಲು ಜಾಗ ಬೇಕಾಗಿ, 59.5 ಲಕ್ಷದ ನೇಟ್ ಶ್ಮಿಟ್‌ನನ್ನು ವ್ಯಾಂಕೂವರ್‌ಗೆ ಬರೀ ಒಂದು ಮೂರನೆಯ ಸುತ್ತಿನ ಡ್ರಾಫ್ಟ್ ಆಯ್ಕೆಗೆ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಬಿಟ್ಟುಕೊಟ್ಟಿತು. ಒಳ್ಳೆಯ ಡಿಫೆನ್ಸ್‌ಮನ್ ಅಷ್ಟು ಅಗ್ಗವಾದದ್ದು ಆಟ ಕೆಟ್ಟದ್ದರಿಂದಲ್ಲ; ಕ್ಯಾಪ್‌ನಲ್ಲಿ ಖಾಲಿ ಇದ್ದ ಜಾಗಕ್ಕೇ ಆಗ ಬೆಲೆ ಬಂದಿತ್ತು.

ಸೇರಿಸಬಾರದ್ದು, ಬಿಡಬಾರದ್ದು

ಸಿಯಾಟಲ್ ಕ್ರಾಕನ್ ತಂಡ ಸೇರಲು ಕೊಟ್ಟ 65 ಕೋಟಿ ಡಾಲರ್ ಪ್ರವೇಶ ಶುಲ್ಕ ಮಾಲೀಕರಿಗೆ ಆ ಕಷ್ಟಕಾಲದಲ್ಲಿ ನಗದು ತಂದಿತು. ಆದರೆ ಪ್ರವೇಶ ಶುಲ್ಕ ಅರ್ಧರ್ಧ ಪಾಲಿನ ಆದಾಯಕ್ಕೆ ಸೇರುವುದಿಲ್ಲ. ಮಾಲೀಕರ ನಗದು ಲೆಕ್ಕದಲ್ಲಿ ಬರೆಯಿರಿ, ಆಟಗಾರರ ಪಾಲಿನ ಲೆಕ್ಕದಲ್ಲಿ ಬೇಡ.

ಕೆನಡಾದ ತಂಡಗಳಿಗೆ ವಿನಿಮಯ ದರದ ಸಾಲು ಬೇಕು. ಟಿಕೆಟ್ ಮಾರುವುದು ಕೆನಡಿಯನ್ ಡಾಲರ್‌ನಲ್ಲಿ, ಸಂಬಳ ಕೊಡುವುದು ಅಮೆರಿಕನ್ ಡಾಲರ್‌ನಲ್ಲಿ. 2020ರ ಜನವರಿಯಲ್ಲಿ 77 ಅಮೆರಿಕನ್ ಸೆಂಟ್ ಆಸುಪಾಸು ಇದ್ದ ಕೆನಡಿಯನ್ ಡಾಲರ್ ಮಾರ್ಚ್‌ನಲ್ಲಿ 69ಕ್ಕೆ ಕುಸಿಯಿತು. ಒಂದು ಕೋಟಿ ಕೆನಡಿಯನ್ ಡಾಲರ್ ಇಟ್ಟುಕೊಂಡಿದ್ದ ತಂಡ ಏನೂ ಮಾಡದೆ 8 ಲಕ್ಷ ಅಮೆರಿಕನ್ ಡಾಲರ್ ಕಳೆದುಕೊಂಡಿತು.

ವಿಮೆ ಹಣ ಬಂತೆಂದು ಊಹಿಸಬೇಡಿ. ವಿಮಾ ಪರಿಹಾರಕ್ಕಾಗಿ ಹಲವು ಎನ್‌ಎಚ್‌ಎಲ್ ತಂಡಗಳು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದವು. ಮೇಲ್ಮನವಿ ನ್ಯಾಯಾಲಯದ ತೀರ್ಪು ವಿಮಾ ಕಂಪನಿಯ ಪರ ಬಂತು.

ಪಾಲು ಒಪ್ಪಂದದ ಹೊರಗಿದ್ದವರಿಗೆ ಬೇರೆಯೇ ಒಂದು ಹಾಳೆ ತೆಗೆಯಿರಿ. ಟಿಕೆಟ್ ಹರಿಯುವವರು, ಬಿಯರ್ ಸ್ಟಾಲಿನವರು, ಸ್ವಚ್ಛತೆಯವರು ಪಂದ್ಯದ ಲೆಕ್ಕಕ್ಕೆ ಕೂಲಿ ಪಡೆಯುವವರು. ಇವರಿಗೆ ಎಸ್ಕ್ರೋ ಇಲ್ಲ, ಕಂತು ಇಲ್ಲ, ಮುಂದೂಡಿಕೆ ಇಲ್ಲ. ಹೋದ ಪಂದ್ಯಕ್ಕೆ ಹೋದ ಕೂಲಿ, ಮಾಲೀಕರು ತಾವಾಗಿ ಕೊಟ್ಟಿದ್ದರೆ ಅಷ್ಟು ಮಾತ್ರ ವಾಪಸು. ಇಲ್ಲಿ ಮಾತ್ರ ಪಂದ್ಯದ ಸಂಖ್ಯೆಯಿಂದ ಗುಣಿಸುವ ಸರಳ ಲೆಕ್ಕ ಸರಿಯಾಗಿ ಹೊಂದುತ್ತದೆ.

ಕೆಳಗಿನ ಲೀಗ್‌ಗಳದ್ದೂ ಇದೇ ಹಾಳೆಗೆ. ಮೂರನೆಯ ಹಂತದ ಲೀಗ್ ಇಸಿಎಚ್‌ಎಲ್ 2020ರ ಮಾರ್ಚ್ 14ಕ್ಕೇ ಸೀಸನ್ ರದ್ದು ಮಾಡಿತು. ಅಲ್ಲಿ ವಾರದ ಸಂಬಳ, ಆಟ ನಿಂತರೆ ಸಂಬಳ ನಿಂತಂತೆ. ಎನ್‌ಎಚ್‌ಎಲ್‌ಗೆ ಒಂದು ಹಂತ ಕೆಳಗಿನ ಎಎಚ್‌ಎಲ್ ಮೇ 11ರಂದು ರದ್ದು ಮಾಡಿತು, ಆ ವರ್ಷ ಅದರ ಟ್ರೋಫಿ ಕಾಲ್ಡರ್ ಕಪ್ ಕೊಡಲೇ ಇಲ್ಲ. ದೊಡ್ಡ ಟಿವಿ ಒಪ್ಪಂದವಿಲ್ಲದ ಈ ತಂಡಗಳಿಗೆ ಬಬಲ್ ಮಾಡಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪ್ರೇಕ್ಷಕರಿಲ್ಲದೆ ಆಡುವುದಕ್ಕಿಂತ ಆಡದಿರುವುದೇ ಅಗ್ಗ ಎಂಬ ಸ್ಥಿತಿ ಅವುಗಳದ್ದು. 2021ರ ಫೆಬ್ರುವರಿ 5ಕ್ಕೆ ಎಎಚ್‌ಎಲ್ ಮತ್ತೆ ಶುರುವಾದಾಗ ಶಾರ್ಲಟ್, ಮಿಲ್ವಾಕಿ, ಸ್ಪ್ರಿಂಗ್‌ಫೀಲ್ಡ್ ತಂಡಗಳು ಆ ಸೀಸನ್ ಆಡಲೇ ಇಲ್ಲ. ಇಂಥ ತಂಡಕ್ಕೆ ಲೆಕ್ಕ ಹಾಕುವಾಗ ಕಳೆದ ಆದಾಯದ ಬದಲು ಒಂದೇ ಪ್ರಶ್ನೆ ಕೇಳಿ: ಒಂದು ಪಂದ್ಯ ನಡೆಸಲು ಬೀಳುವ ಖರ್ಚು ಎಷ್ಟು, ಅದನ್ನು ತುಂಬಲು ಎಷ್ಟು ಸೀಟು ಮಾರಬೇಕು? ಸ್ಥಳೀಯ ಆಡಳಿತ ಒಳಗೆ ಬಿಡುವ ಪ್ರೇಕ್ಷಕರ ಸಂಖ್ಯೆ ಅದಕ್ಕಿಂತ ಕಡಿಮೆ ಇದ್ದರೆ, ಆಡಿದ ಪ್ರತಿ ಪಂದ್ಯವೂ ನಷ್ಟದ ಕಾಲಂಗೇ ಹೋಗುತ್ತದೆ.